ಚಿತ್ರಾತ್ಮಕಥನ: ರಾಜಕೀಯ ಸಂಕಟಕಾಲದ ಕುಟುಂಬಗಳು

ತಾನು ಅಥವಾ ತನ್ನ ಮನೆಯವರು ಬಾಳಿದ ಬದುಕನ್ನು ಚೌಕಟ್ಟುಗಳಲ್ಲಿ, ಚಿತ್ರವನ್ನೂ ಮಾತನ್ನೂ ಬೆರೆಸಿ ಹೇಳುವ ಸಾಹಿತ್ಯ ಪ್ರಕಾರ. ಗ್ರಾಫಿಕ್ ಮೆಮೊಯರ್ ಎಂದೂ ಕರೆಯುತ್ತಾರೆ. ಯುದ್ಧ, ಕ್ರಾಂತಿ, ಸೆರೆಗಳ ಕಾಲದಲ್ಲಿ ಮನೆಯೊಳಗೆ ನಡೆದದ್ದು ಸರಕಾರಿ ಕಡತ ಸೇರುವುದು ಅಪರೂಪ. ಅದನ್ನು ಕೈಯ ಗೆರೆಯಿಂದ ಉಳಿಸುವುದೇ ಈ ಪ್ರಕಾರದ ಹೆಚ್ಚುಗಾರಿಕೆ.

ಇದರ ತಾಂತ್ರಿಕ ಬೇರು ಕಲ್ಲಚ್ಚಿನಲ್ಲಿದೆ. ಜಿನೀವಾದ ರೊಡಾಲ್ಫ್ ಟಾಫರ್ 1830ರ ದಶಕದಲ್ಲಿ ಚಿತ್ರವನ್ನೂ ಅಡಿಬರಹವನ್ನೂ ತನ್ನ ಕೈಯಿಂದಲೇ ಬರೆದು ಕಲ್ಲಚ್ಚಿನಲ್ಲಿ ಮುದ್ರಿಸಿದ. ಸ್ವಿಟ್ಜರ್ಲೆಂಡಿನದೇ ಆದ ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಅಲ್ಲಿಂದಲೇ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ನಾಗರಿಕರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅಲ್ಲಿ ಕ್ಯಾಮೆರಾಕ್ಕೆ ನಿಷೇಧ. ಶಿಬಿರದಲ್ಲಿ ಸೆರೆಯಾಗಿದ್ದ ಮಿನೆ ಒಕುಬೊ ಚಿತ್ರ ಬರೆದಳು. 1946ರ ಅವಳ ಪುಸ್ತಕ ‘ಸಿಟಿಜನ್ 13660’. ಆ ಅಂಕಿ ಅವಳಿಗೂ ತಮ್ಮನಿಗೂ ಸೇರಿಸಿ ಕೊಟ್ಟ ಕುಟುಂಬ ಸಂಖ್ಯೆ. ಹಿರೋಶಿಮಾದಲ್ಲಿ ಆರನೇ ವಯಸ್ಸಿಗೆ ತಂದೆಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಕೇಜಿ ನಕಾಜಾವಾ 1972ರಲ್ಲಿ ‘ನಾನು ಕಂಡೆ’ ಎಂಬ ಚಿತ್ರಕಥೆ ರಚಿಸಿದ.

ಈ ಪ್ರಕಾರಕ್ಕೆ ಗಂಭೀರ ಓದುಗರನ್ನು ತಂದದ್ದು ಆರ್ಟ್ ಸ್ಪೀಗಲ್‌ಮನ್‌ನ ‘ಮೌಸ್’. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಆಶ್‌ವಿಟ್ಜ್‌ನಿಂದ ಬದುಕಿ ಬಂದ ಅಪ್ಪನ ಕಥೆಯಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ನಡುವೆ ಸತ್ತ ಅಣ್ಣನ ನಿಜವಾದ ಛಾಯಾಚಿತ್ರ ಎದುರಾದಾಗ ಆ ಮುಖವಾಡ ಕಳಚಿ ಓದುಗನ ಎದೆ ಹಿಂಡುತ್ತದೆ. ಇರಾನ್ ಕ್ರಾಂತಿಯ ಮಗು ಮರ್ಜಾನ್ ಸತ್ರಾಪಿ ‘ಪರ್ಸೆಪೊಲಿಸ್’ನಲ್ಲಿ (2000-2003) ಬರೀ ಕಪ್ಪು ಬಿಳುಪು ಬಳಸಿದಳು. ಮಗಳನ್ನು ಪರದೇಶಕ್ಕೆ ಕಳಿಸುವ ವಿಮಾನ ನಿಲ್ದಾಣದಲ್ಲಿ ಮೂರ್ಛೆಹೋದ ಅಮ್ಮನನ್ನು ಅಪ್ಪ ಎತ್ತಿ ನಡೆಯುವುದು ಗಾಜಿನಾಚೆ ಕಾಣುತ್ತದೆ. ಕ್ರಾಂತಿ ಒಂದು ಮನೆಗೆ ಏನು ಮಾಡಿತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಭಾರತದಲ್ಲಿ ವಿಶ್ವಜ್ಯೋತಿ ಘೋಷ್ ಸಂಯೋಜಿಸಿದ ‘ದಿಸ್ ಸೈಡ್, ದಟ್ ಸೈಡ್’ (2013) ದೇಶವಿಭಜನೆಯ ನೆನಪುಗಳನ್ನು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂರೂ ಕಡೆಯಿಂದ ಕೂಡಿಸಿತು. ಮಲಿಕ್ ಸಜಾದ್ ‘ಮುನ್ನು’ವಿನಲ್ಲಿ (2015) ಕಾಶ್ಮೀರಿಗಳನ್ನು ಹಂಗುಲ್ ಜಿಂಕೆಗಳಾಗಿ ಚಿತ್ರಿಸಿದ.

ಮಂಗಳೂರಿನಲ್ಲಿ ಇಂಥ ಕುಟುಂಬ ಸ್ಮೃತಿಗೆ ದೊಡ್ಡ ಆಕರ 1784ರ ಸೆರೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಟಿಪ್ಪು ಸುಲ್ತಾನ್ ಕರಾವಳಿಯ ಕೊಂಕಣಿ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಬದುಕುಳಿದವರು ಊರಿಗೆ ಮರಳತೊಡಗಿದ್ದು 1799ರ ಬಳಿಕ. ಕ್ಯಾಮೆರಾ ಇನ್ನೂ ಹುಟ್ಟದ ಕಾಲವದು. ಸೆರೆಯಾದವರ ಸಂಖ್ಯೆಯ ಬಗ್ಗೆ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಲೆಕ್ಕಗಳಿವೆ, ಜಗಳವೂ ಇದೆ. ಚಿತ್ರ ಆ ಜಗಳವನ್ನು ತೀರ್ಮಾನಿಸಲಾರದು, ತೀರ್ಮಾನಿಸಲು ಹೋಗಲೂಬಾರದು. ಇದನ್ನು ಚಿತ್ರಿಸಲು ಕೂರುವವರು ಒಂದೇ ಒಂದು ಮನೆಯನ್ನು ಆರಿಸಿಕೊಂಡು, ಅದರ ಮಂದಿ ಘಟ್ಟ ಹತ್ತಿ ಹೋದದ್ದನ್ನೂ ಇಳಿದು ಬಂದದ್ದನ್ನೂ ಬರೆಯಲಿ.