ಬಸ್ಸಿನ ದರ್ಜೆ, ಆಸನದ ಸ್ಥಳ ಹಾಗೂ ಸಿಬ್ಬಂದಿ ಸೇವೆ: ಸವದತ್ತಿ ತಾಲ್ಲೂಕಿನ ಪ್ರಯಾಣಿಕರಿಗೆ ಮಾಹಿತಿ

ಸವದತ್ತಿ ತಾಲ್ಲೂಕು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ವ್ಯಾಪ್ತಿಗೆ ಒಳಪಟ್ಟಿರುತ್ತದೆ. 1997ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಬಸ್ಸಿನ ದರ್ಜೆಯನ್ನು ಆರಿಸುವಾಗ ದರವೊಂದನ್ನೇ ಪರಿಗಣಿಸದೆ ಈ ಕೆಳಕಂಡ ಅಂಶಗಳನ್ನೂ ಹೋಲಿಸುವುದು ಸೂಕ್ತ.

1. ಆಸನದ ಸ್ಥಳ: ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಬಹುತೇಕ ಸಾಲಿಗೆ 3+2ರಂತೆ 5 ಆಸನಗಳಿರುತ್ತವೆ. ರಾಜಹಂಸ ಬಸ್ಸಿನಲ್ಲಿ 2+2ರಂತೆ 4 ಆಸನಗಳಿದ್ದು, ಅವು ಹಿಂದಕ್ಕೆ ಬಾಗುತ್ತವೆ. ನಡುದಾರಿ ಸಮನಾಗಿದ್ದಲ್ಲಿ, ಒಬ್ಬರಿಗೆ ದೊರೆಯುವ ಅಗಲವು ಶೇ. 25ರಷ್ಟು ಹೆಚ್ಚು. ಸ್ಲೀಪರ್ ಬಸ್ಸುಗಳಲ್ಲಿ ಮಲಗಿ ಪ್ರಯಾಣಿಸಬಹುದು.

2. ಸಿಬ್ಬಂದಿ ಸೇವೆ: ಸಾಮಾನ್ಯ ಬಸ್ಸಿನಲ್ಲಿ ಚಾಲಕರಲ್ಲದೆ ನಿರ್ವಾಹಕರು ಒಬ್ಬರೇ. ಟಿಕೆಟ್ ವಿತರಣೆ, ನಿಲ್ದಾಣದ ಸೂಚನೆ, ಆಸನದ ವ್ಯವಸ್ಥೆ ಎಲ್ಲವೂ ಅವರ ಹೊಣೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಯಲ್ಲಮ್ಮನಗುಡ್ಡಕ್ಕೆ ತೆರಳುವ ಬಸ್ಸುಗಳಲ್ಲಿ ನಿಂತವರೂ ಬಹಳವಿರುವುದರಿಂದ ಚಿಲ್ಲರೆ ಹಾಗೂ ಗುರುತಿನ ಚೀಟಿಯನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.

3. ಶಕ್ತಿ ಯೋಜನೆ: ದಿನಾಂಕ 11-06-2023ರಿಂದ ಜಾರಿಯಾದ ಈ ಯೋಜನೆಯಡಿ ಕರ್ನಾಟಕದ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ನಿವಾಸ ತಿಳಿಸುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುವುದು ಕಡ್ಡಾಯ. ರಾಜಹಂಸ, ಸ್ಲೀಪರ್ ಹಾಗೂ ಹವಾನಿಯಂತ್ರಿತ ಬಸ್ಸುಗಳಿಗೆ ಯೋಜನೆ ಅನ್ವಯಿಸುವುದಿಲ್ಲ.

4. ಆಯ್ಕೆ: ಧಾರವಾಡ, ಬೆಳಗಾವಿಯಂತಹ ಹತ್ತಿರದ ಊರುಗಳಿಗೆ ಸಾಮಾನ್ಯ ಬಸ್ಸು ಸಾಕಾಗುತ್ತದೆ. ಚಿಕಿತ್ಸೆಗಾಗಿ ಬೆಂಗಳೂರಿಗೆ ರಾತ್ರಿ ತೆರಳುವ ರೋಗಿಗಳು, ವೃದ್ಧರು ಹಾಗೂ ಗರ್ಭಿಣಿಯರು, ದರ ತೆರಬೇಕಾದರೂ, ಆಸನ ಮುಂಗಡವಾಗಿ ಕಾಯ್ದಿರಿಸಿ ಹೆಚ್ಚು ಸ್ಥಳವಿರುವ ಬಸ್ಸನ್ನು ಆರಿಸುವುದು ಹಿತಕರ. ಉಚಿತ ಪ್ರಯಾಣದಿಂದ ಉಳಿಯುವ ಹಣಕ್ಕಿಂತ ನಿಂತು ಹೋಗುವ ಆಯಾಸವು ಅವರಿಗೆ ದುಬಾರಿಯಾಗಬಹುದು.