ಮೂರನೆಯ ರಿಜಿಸ್ಟರಿನವರು

1948ರಲ್ಲಿ ದಂತವೈದ್ಯರ ಕಾಯ್ದೆ ಬಂದಾಗ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದವು. ದೇಶಕ್ಕೆಲ್ಲ ಇರುವುದು ಸುಮಾರು ಸಾವಿರ ದಂತವೈದ್ಯರು, ಮೂರು ಲಕ್ಷ ಜನಕ್ಕೆ ಒಬ್ಬರು ಎಂದು ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಕಾಯ್ದೆ ಡಾಕ್ಟರರನ್ನಷ್ಟೇ ಲೆಕ್ಕಕ್ಕೆ ಹಿಡಿಯಲಿಲ್ಲ. ಪದವಿಯಿಲ್ಲದೆ ಐದು ವರ್ಷ ಇದೇ ಕಸುಬಿನಲ್ಲಿ ಹೊಟ್ಟೆ ಹೊರೆದವರಿಗೆ ದಂತವೈದ್ಯರ ರಿಜಿಸ್ಟರಿನ 'ಬಿ' ಭಾಗದಲ್ಲಿ ಜಾಗ ಕೊಟ್ಟಿತು. ಹಲ್ಲು ಶುಚಿ ಮಾಡುವ ಹೈಜೀನಿಸ್ಟರಿಗೊಂದು, ಹಲ್ಲಿನ ಸೆಟ್ ಮಾಡುವ ಮೆಕ್ಯಾನಿಕ್ಕರಿಗೊಂದು ರಿಜಿಸ್ಟರ್ ತೆರೆಯಿತು.

ಆ ಮೂರನೆಯ ರಿಜಿಸ್ಟರಿನವನು ನಾನು. ನನಗೆ ಕೆಲಸ ಕಲಿಸಿದವರು ವಲ್ಕನೈಟ್ ರಬ್ಬರಿನ ಸೆಟ್ ಮಾಡಿದವರು. ನನ್ನ ಕೈಗೆ ಬಂದದ್ದು ಅಕ್ರಿಲಿಕ್. ಒಂದು ಸೆಟ್ಟಿಗೆ ಅಳತೆ, ಮೇಣದ ಕಚ್ಚು, ಮೇಣದಲ್ಲಿ ಹಲ್ಲು ಕೂರಿಸಿ ನೋಡುವುದು, ಕೊನೆಗೆ ತೊಡಿಸುವುದು, ಒಸಡು ನೊಂದರೆ ಉಜ್ಜಿ ಕೊಡುವುದು. ಪ್ರತಿ ಸಲ ಡಾಕ್ಟರ ಕುರ್ಚಿಯಲ್ಲಿ ಹಿಡಿಯುವುದು ಸ್ವಲ್ಪ ಹೊತ್ತು. ಉಳಿದ ತಾಸುಗಳೆಲ್ಲ ನಮ್ಮ ಬೆಂಚಿನವು.

ಹೊನ್ನಾವರದ ಕಡೆಯ ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: "ಕವಳ ಕುಟ್ಟೂಕೆ ಕುಟ್ಟಾಣಿ ಅದೆ ತಮಾ, ರೊಟ್ಟಿ ಅಗಿಯೂಕೆ ಎಂತ ಮಾಡ್ಲಿ?"

2014ರಲ್ಲಿ ರಾಜ್ಯ ಸರ್ಕಾರ ದಂತ ಭಾಗ್ಯ ತಂದಿತು. ಬಡ ಹಿರಿಯರಿಗೆ ಪುಕ್ಕಟೆ ಸೆಟ್. ನಿಜಕ್ಕೂ ದೊಡ್ಡ ಮನಸ್ಸಿನ ಯೋಜನೆ. ಆದರೆ ಸೆಟ್ ಮಾಡಬೇಕಾದದ್ದು ದಂತ ಕಾಲೇಜುಗಳಲ್ಲಿ, ನಮ್ಮ ಜಿಲ್ಲೆಯಲ್ಲಿ ಅಂಥದ್ದಿಲ್ಲ. 1965ರ ಮಣಿಪಾಲದ ಕಾಲೇಜು ಭಟ್ಕಳಕ್ಕೇ ಸುಮಾರು 90 ಕಿ.ಮೀ. 1986ರ ಧಾರವಾಡದ ಎಸ್‌ಡಿಎಂ ಕಾಲೇಜಿಗೆ ಘಟ್ಟ ಹತ್ತಬೇಕು. ಅಷ್ಟು ದೂರ ನಾಲ್ಕೈದು ಸಲ ಹೋಗಿ ಬರುವ ಬಸ್ ಚಾರ್ಜು, ಜೊತೆಗೆ ಹೋದ ಮಗನ ಕೂಲಿ ಯಾರ ಲೆಕ್ಕದಲ್ಲಿ ಬರುತ್ತದೆ? ಖರ್ಚು ಕಡಿಮೆಯಾಗಲಿಲ್ಲ, ಬಡವರ ಸೆರಗಿಗೆ ಬಿತ್ತು.

ನ್ಯೂಜಿಲೆಂಡಿನವರು 1921ರಿಂದಲೇ ಹೆಣ್ಣುಮಕ್ಕಳಿಗೆ ಎರಡು ವರ್ಷ ತರಬೇತಿ ಕೊಟ್ಟು, ಶಾಲೆ ಮಕ್ಕಳ ಹುಳುಕು ಹಲ್ಲು ತುಂಬಲು ಕಳಿಸಿದರು. ಡಾಕ್ಟರರು ಕಷ್ಟದ ಕೆಲಸಕ್ಕೆ ಉಳಿದರು. ನಮ್ಮ ಕಾಯ್ದೆಯಲ್ಲೂ ಮೂರು ಬಗೆಯ ಕೈಗಳಿದ್ದವು. ನಾನು ಕಂಡ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ ದಂತ ಆರೋಗ್ಯಾಧಿಕಾರಿಯೇ ಇಕ್ಕಳ ಕುದಿಸಬೇಕು, ಚೀಟಿ ಬರೆಯಬೇಕು, ಹಲ್ಲೂ ಕೀಳಬೇಕು. ಅಷ್ಟು ಓದಿದವರ ಸಂಬಳವನ್ನು ಹೀಗೆ ಕರಗಿಸುವುದೇ ದುಂದು.

ಸೆಟ್ಟಿನ ಅಳತೆಯನ್ನು ತಾಲೂಕು ಆಸ್ಪತ್ರೆಯಲ್ಲೇ ತೆಗೆಯಬಹುದು. ಅಳತೆ ತೆಗೆದ ಅಲ್ಜಿನೇಟ್ ಒಣಗಿದರೆ ಕುಗ್ಗುತ್ತದೆ. ಕೂಡಲೇ ಪ್ಲಾಸ್ಟರ್ ಹುಯ್ದುಬಿಟ್ಟರೆ ಆ ಅಚ್ಚನ್ನು ಎಲ್ಲಿಗಾದರೂ ಕಳಿಸಬಹುದು. ಹೊನ್ನಾವರ ನಡುವೆ ಇದೆ. ಅಲ್ಲೊಂದು ಸರ್ಕಾರಿ ಬೆಂಚು, ಸಂಬಳದ ಒಬ್ಬ ಮೆಕ್ಯಾನಿಕ್ ಇರಲಿ. ಭಟ್ಕಳದಿಂದ, ಕುಮಟೆಯಿಂದ ಅಚ್ಚುಗಳು ಬಸ್ಸು ಹತ್ತಿ ಬರಲಿ, ಅಜ್ಜ ಅಜ್ಜಿಯರು ತಮ್ಮ ತಾಲೂಕು ಆಸ್ಪತ್ರೆಗಷ್ಟೇ ಹೋಗಿ ಬರಲಿ.