ಹೋರ್ಯೂ-ಜಿಯ ದಹನ: ಒಂದು ದಾಖಲೆಯ ಪುನರ್ವಿಮರ್ಶೆ

ನಾರಾ ನಗರದ ನೈಋತ್ಯಕ್ಕಿರುವ ಇಕರುಗದ ಹೋರ್ಯೂ-ಜಿ ವಿಹಾರವನ್ನು ಕುರಿತು ಬರೆಯುವವರು, ಅಲ್ಲಿಯ ಸುವರ್ಣಮಂದಿರವೂ ಐದಂತಸ್ತಿನ ಗೋಪುರವೂ 607ರಲ್ಲಿ ರಾಜಕುಮಾರ ಶೋತೊಕು ಕಟ್ಟಿಸಿದವೇ ಎಂದು ಇಂದಿಗೂ ನಿಶ್ಶಂಕೆಯಿಂದ ಬರೆಯುತ್ತಾರೆ. ಯಾತ್ರಿಕರ ಕೈಪಿಡಿಗಳ ಮಾತು ಹಾಗಿರಲಿ. ಬಲ್ಲವರೆನಿಸಿಕೊಂಡವರೂ ಗೋಪುರದ ನಡುಗಂಬವೊಂದನ್ನೇ ಆಧಾರವಾಗಿಟ್ಟುಕೊಂಡು ಈ ಜೀರ್ಣಮತಕ್ಕೆ ಮರಳಿ ಜೀವ ತುಂಬಲು ಹವಣಿಸುತ್ತಿರುವುದರಿಂದ ಈ ಚರ್ಚೆ ಅಗತ್ಯವಾಯಿತು.

ವಿವಾದದ ಮೂಲ, 720ರಲ್ಲಿ ಮುಗಿದ 'ನಿಹೊನ್ ಶೋಕಿ' ಎಂಬ ರಾಜಚರಿತ್ರೆಯ ಒಂದು ಸಣ್ಣ ಉಲ್ಲೇಖ. ಸಾಮ್ರಾಟ್ ತೆಂಜಿಯ ಒಂಬತ್ತನೆಯ ವರ್ಷ, ಎಂದರೆ 670ರಲ್ಲಿ, ನಾಲ್ಕನೆಯ ಮಾಸದ ಮೂವತ್ತನೆಯ ದಿನ ನಡುರಾತ್ರಿ ಕಳೆದ ಮೇಲೆ ಹೋರ್ಯೂ-ಜಿಗೆ ಬೆಂಕಿ ಬಿದ್ದು ಒಂದು ಕಟ್ಟಡವೂ ಉಳಿಯಲಿಲ್ಲವೆಂದು ಅದು ಹೇಳುತ್ತದೆ. 1905ರಲ್ಲಿ ವಾಸ್ತುಶಾಸ್ತ್ರಜ್ಞ ಸೆಕಿನೊ ತದಾಶಿಯವರು ಕಟ್ಟಡಗಳನ್ನು ಅಳೆದು, ಅವು 645ರ ರಾಜ್ಯಸುಧಾರಣೆಗೆ ಹಿಂದಿನ ಕೊರಿಯನ್ ಅಡಿಯ ಪ್ರಮಾಣದಲ್ಲಿವೆಯಾದ್ದರಿಂದ ಸುಟ್ಟಿರಲಾರವೆಂದರು. ಅದೇ ವರ್ಷ ಹಿರಾಕೊ ತಾಕುರೇಯ್ ಅವರು ಅರವತ್ತು ವರ್ಷಗಳ ಚಕ್ರದಲ್ಲಿ ಒಂದು ಸುತ್ತು ತಪ್ಪಿ, 610ರ ಬೆಂಕಿ 670ಕ್ಕೆ ಸೇರಿಹೋಯಿತೆಂದು ವಾದಿಸಿದರು. ಇವರಿಬ್ಬರನ್ನೂ ಎದುರಿಸಿ, ದಾಖಲೆಯನ್ನು ದಾಖಲೆಯಾಗಿಯೇ ಓದಬೇಕೆಂದು ಪಟ್ಟು ಹಿಡಿದವರು ಇತಿಹಾಸಕಾರ ಕಿತಾ ಸದಾಕಿಚಿ.

ಪ್ರಭವಾದಿ ಸಂವತ್ಸರಗಳ ಹೆಸರಷ್ಟೇ ಇರುವ ಶಾಸನಗಳೊಡನೆ ಹೆಣಗಿದ ನಮ್ಮವರಿಗೆ ಹಿರಾಕೊ ಅವರ ತರ್ಕ ಹೊಸದಲ್ಲ, ಆಕರ್ಷಕವೆಂಬುದನ್ನೂ ಒಪ್ಪಬೇಕು. ಆದರೆ ಅರವತ್ತು ವರ್ಷಗಳ ಪ್ರಮಾದ ಸಂಭವಿಸುವುದು ನೆನಪು ಅಳಿದುಹೋದ ಕಾಲದ ವಿಷಯದಲ್ಲಿ. ಚರಿತ್ರೆ ಮುಗಿದಾಗ ಬೆಂಕಿಗೆ ಬರಿಯ ಐವತ್ತು ವರ್ಷ; ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ವೃದ್ಧರು ಆಗ ಬದುಕಿದ್ದಿರಲೇಬೇಕು. ಮೇಲಾಗಿ, ಬೆಂಕಿಯನ್ನು 610ಕ್ಕೆ ತಳ್ಳಿದರೂ ಅದು ಸರ್ವದಹನವಾಗಿದ್ದ ಪಕ್ಷದಲ್ಲಿ 607ರ ಕಟ್ಟಡ ಉಳಿಯುವುದಿಲ್ಲವೆಂಬುದನ್ನು ಈ ಮತದ ಅಭಿಮಾನಿಗಳು ಗಮನಿಸಿದಂತಿಲ್ಲ. 'ನಿಹೊನ್ ಶೋಕಿ'ಯೇ 670ರ ಹಿಂದಿನ ವರ್ಷದ ಚಳಿಗಾಲದಲ್ಲಿಯೂ ಇಕರುಗದ ವಿಹಾರಕ್ಕೆ ಬೆಂಕಿ ಬಿತ್ತೆಂದು ಹೇಳುವುದರಿಂದ ಎರಡೂ ಅವಿಶ್ವಸನೀಯವೆಂಬುದು ಇನ್ನೊಂದು ಆಕ್ಷೇಪ. ಎರಡು ಉಲ್ಲೇಖಗಳು ತಿಥಿಯಲ್ಲಿ ಭಿನ್ನವಾದರೆ ತಿಥಿ ಸಂದಿಗ್ಧವಾದೀತೇ ಹೊರತು ಘಟನೆಯೇ ಸುಳ್ಳಾಗದು. (ಆಕ್ಷೇಪಕರ ನ್ಯಾಯವನ್ನು ನಮ್ಮ ಶಾಸನಗಳಿಗೂ ಅನ್ವಯಿಸಿದರೆ ಎಷ್ಟು ಅರಸರು ಉಳಿದಾರು?)

ವಿಹಾರದ್ದೇ ಆದ 747ರ ಆಸ್ತಿಪಟ್ಟಿ ಬೆಂಕಿಯ ಮಾತೆತ್ತುವುದಿಲ್ಲ, ನಿಜ. ಆದರೆ ಗೋಪುರದೊಳಗಿನ ಮಣ್ಣಿನ ಪ್ರತಿಮೆಗಳೂ ಮಧ್ಯದ್ವಾರದ ದ್ವಾರಪಾಲಕರೂ 711ರಲ್ಲಿ ಸಿದ್ಧವಾದವೆಂದು ಅದೇ ಪಟ್ಟಿ ಹೇಳುವುದನ್ನು ನೋಡಿದರೆ, ಆ ಮೌನಕ್ಕಿಂತ ಈ ಮಾತೇ ಹೆಚ್ಚು ತೂಕದ್ದು.

1939ರ ಡಿಸೆಂಬರಿನಲ್ಲಿ ಇಶಿದಾ ಮೊಸಾಕು ಮತ್ತು ಸುಯೆನಾಗಾ ಮಸಾಓ ಅವರು ಇಂದಿನ ಪಶ್ಚಿಮಾಂಗಣದ ಆಗ್ನೇಯಕ್ಕೆ, ವಾಕಾಕುಸಾ ಎಂಬ ಸ್ಥಳದಲ್ಲಿ ಉತ್ಖನನ ನಡೆಸಿದಾಗ ಇನ್ನೊಂದು ವಿಹಾರದ ತಳಪಾಯವೇ ಹೊರಬಿತ್ತು. ಇಂದಿನ ಮಂದಿರ ಗೋಪುರಗಳು ಪೂರ್ವಪಶ್ಚಿಮವಾಗಿ ಅಕ್ಕಪಕ್ಕ ನಿಂತಿದ್ದರೆ, ಅಲ್ಲಿ ಗೋಪುರ ಮುಂದೆ, ಮಂದಿರ ಹಿಂದೆ, ಒಂದೇ ಸಾಲಿನಲ್ಲಿ. ಆ ಸಾಲೂ ಉತ್ತರದಿಂದ ಸುಮಾರು 20 ಅಂಶ ಪಶ್ಚಿಮಕ್ಕೆ ವಾಲಿದ್ದಿತು. ಅದೇ ವರ್ಷದ ಜುಲೈಯಲ್ಲಿ ತೀರಿಕೊಂಡ ಕಿತಾ ಅವರಿಗೆ ತಮ್ಮ ಗೆಲುವನ್ನು ಕಾಣುವ ಭಾಗ್ಯವಿರಲಿಲ್ಲ. 2004ರಲ್ಲಿ ಆ ವಿಹಾರದ ಭಿತ್ತಿಚಿತ್ರಗಳ ಚೂರುಗಳೂ ದೊರೆತವು. ಉರಿಯಲ್ಲಿ ಬೆಂದು ಬಣ್ಣಗೆಟ್ಟ ಆ ಗಾರೆಯ ತುಣುಕುಗಳಿಗಿಂತ ಪ್ರಬಲವಾದ ಸಾಕ್ಷಿಯನ್ನು ಯಾರು ಬಯಸಿಯಾರು?

ಇನ್ನು ನಡುಗಂಬ. ಹಿಂದಿನ ಜೀರ್ಣೋದ್ಧಾರದ ವೇಳೆ ಕೊಯ್ದಿಟ್ಟ ಅದರ ಒಂದು ಬಿಲ್ಲೆಯ ವಾರ್ಷಿಕ ಉಂಗುರಗಳನ್ನೆಣಿಸಿ, ಮರ 594ರಲ್ಲಿ ಉರುಳಿತೆಂದು 2001ರಲ್ಲಿ ಪ್ರಕಟಿಸಲಾಯಿತು. ಎಣಿಕೆಯಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಅದರಿಂದ ತೆಗೆದ ನಿರ್ಣಯದಲ್ಲಿ. ಮರ ಕಡಿದ ವರ್ಷವು ಕಟ್ಟಡದ ವರ್ಷವೆಂದಾದರೆ 607ರ ಪಕ್ಷದವರೇ ಹದಿಮೂರು ವರ್ಷಗಳ ಅಂತರಕ್ಕೆ ಸಮಾಧಾನ ಹೇಳಬೇಕಾಗುತ್ತದೆ. ಹೇಳಿದರೆ ಅದೇ ಸಮಾಧಾನವನ್ನು ನಾವೂ ಹೇಳಬಲ್ಲೆವು. ಹಳೆಯ ಮನೆಯ ತೊಲೆಯನ್ನು ಹೊಸ ಮನೆಗೆ ಏರಿಸುವುದು ಬಡಗಿಗಳಿಗೆ ಎಲ್ಲಿಯೂ ಹೊಸತಲ್ಲ. ಸುವರ್ಣಮಂದಿರದ ಮರಗಳನ್ನು ಅದೇ ವಿಧಾನದಿಂದ ಪರೀಕ್ಷಿಸಿದಾಗ ಅವುಗಳಲ್ಲಿ ಕೆಲವು 660ರ ದಶಕದ ಕೊನೆಯವೆಂದು ತಿಳಿಯಿತು. ಇದರಿಂದ ಹೊಸ ಮಂದಿರದ ಕೆಲಸ ಬೆಂಕಿಗೆ ತುಸು ಮೊದಲೇ ಮೊದಲಾಗಿರಬಹುದೆಂಬ ಊಹೆಗೆ ಎಡೆಯುಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. 607ರ ವಾದಕ್ಕೆ ಮಾತ್ರ ಇದರಲ್ಲಿ ಎಳ್ಳಷ್ಟೂ ಆಸರೆಯಿಲ್ಲ.

ಏಳನೆಯ ಶತಮಾನದ ಉತ್ತರಾರ್ಧದಿಂದ ಎಂಟರ ಆರಂಭದೊಳಗೆ ನಿಂತ ಈ ಕಟ್ಟಡಗಳು ಜಗತ್ತಿನಲ್ಲಿ ಉಳಿದಿರುವ ಅತಿ ಪ್ರಾಚೀನ ದಾರುನಿರ್ಮಾಣಗಳೆಂಬ ಕೀರ್ತಿಗೆ ಈ ತೀರ್ಮಾನದಿಂದ ಕುಂದಿಲ್ಲ. ನಮ್ಮ ಪ್ರವಾಸಕಥನಕಾರರು ಮುಂದಾದರೂ 607ನ್ನು ಸಂಸ್ಥೆಯ ಸ್ಥಾಪನೆಗೆ ಬಿಟ್ಟು, ಕಣ್ಣೆದುರಿನ ಕಂಬಗಳಿಗೆ ಅಂಟಿಸದಿರಬೇಕೆಂದು ಪ್ರಾರ್ಥನೆ.